ಅರಗು ಬಿಟ್ಟ ತಾಟು

ಮೊದಲ ತಾಟು ಹಾರಿದಾಗ ಪಂಢರಿ ಅದನ್ನು ನೋಡಲೇ ಇಲ್ಲ. ಕಿವಿಯ ಪಕ್ಕದಲ್ಲಿ ಗಾಳಿ ಸೀಳಿದ ಸದ್ದಾಯಿತು, ಹಿಂದಿನ ಗೋಡೆಯಿಂದ ಗಚ್ಚು ಉದುರಿತು, ಅಷ್ಟೇ. ಎರಡನೆಯದನ್ನು ನೋಡಿದ. ಖರಾದಿನ ತಿರುಗಣೆಯ ಮೇಲೆ ಗರಗರ ತಿರುಗುತ್ತಿದ್ದ ಬೂದುಬಣ್ಣದ ದುಂಡನೆಯ ತಾಟು ಒಮ್ಮೆಲೇ ಮರದ ಗುಂಡಿನಿಂದ ಬಿಟ್ಟುಕೊಂಡು ಅವನ ಕಡೆಗೇ ಬಂತು. ಎಡ ಹುಬ್ಬು ಹರಿಯಿತು. ತಾಟು ನೆಲಕ್ಕೆ ಬಿದ್ದು ಎರಡು ಹೋಳಾಯಿತು. ರಕ್ತ ಒರೆಸಿಕೊಳ್ಳುವ ಮೊದಲು ಅವನು ಬಗ್ಗಿ ಎತ್ತಿಕೊಂಡದ್ದು ಆ ಹೋಳುಗಳನ್ನಲ್ಲ, ಅವುಗಳ ಮುಖಕ್ಕೆ ಅಂಟಿದ್ದ ಅರಗಿನ ಚೂರನ್ನು.

ಅರಗು ಅವನದು. ಔರಾದ ಕಡೆಯ ಮುತ್ತುಗದ ಗಿಡಗಳಿಂದ ಬಿಡಿಸಿ ತಂದು, ಭಾಲ್ಕಿಯ ತನ್ನ ಮನೆಯ ಹಿತ್ತಿಲಲ್ಲಿ ಕರಗಿಸಿ, ರಾಳ, ಇಟ್ಟಂಗಿ ಪುಡಿ, ಒಂದಿಷ್ಟು ಎಣ್ಣೆ ಬೆರೆಸಿ ಬಿಲ್ಲೆ ಹೊಯ್ದು, ರೈಲಿನಲ್ಲಿ ಬೀದರಿಗೆ ತರುತ್ತಿದ್ದ. ಚಾಂದ ಪಾಶಾನ ಬಿದರಿ ಕಾರ್ಖಾನೆಗೆ ಅವನ ಅರಗೇ ಆಗಬೇಕು. ಬಿದರಿಯ ಹೂಜಿಗಾದರೆ ಕುತ್ತಿಗೆಯಿದೆ, ಹೊಟ್ಟೆಯಿದೆ. ಎಲ್ಲಿಯಾದರೂ ಸಿಕ್ಕಿಸಿ ಹಿಡಿದು ಕೆತ್ತಬಹುದು. ತೆಳು ತಾಟಿಗೆ ಹಿಡಿಯಲು ಏನಿದೆ? ಅಂಚನ್ನು ಬಿಗಿದರೆ ಬಿರುಕು ಬಿಡುತ್ತದೆ. ಅದರ ಮುಖವನ್ನು ಮರದ ಗುಂಡಿಗೆ ಅರಗಿನಿಂದ ಅಂಟಿಸಿ, ಗುಂಡನ್ನು ಖರಾದಿಗೆ ಏರಿಸಿ, ತಿರುಗಿಸುತ್ತ ಬೆನ್ನನ್ನು ಉಳಿಯಿಂದ ಹೆರೆದು ಸಣ್ಣ ಮಾಡಬೇಕು. ತಾಟಿನ ಪ್ರಾಣವೆಲ್ಲ ಆ ಅರಗಿನಲ್ಲಿ.

ಅರಗಿನ ಹೊಸ ಬಿಲ್ಲೆ ಬಂದಾಗ ಮೊದಲ ತಾಟಿಗೆ ಖರಾದಿನ ಪಟ್ಟಿ ಎಳೆಯುವವನು ಅರಗು ಮಾಡಿದವನೇ ಆಗಿರಬೇಕೆಂಬುದು ಆ ಕಾರ್ಖಾನೆಯ ರೂಢಿ. ಪಟ್ಟಿ ಎಳೆಯುವವನು ಕೂರುವುದು ತಾಟು ಹಾರುವ ದಿಕ್ಕಿನಲ್ಲಿ. ನಿನ್ನ ಅರಗಿನ ಮೇಲೆ ನಿನಗೆ ಭರವಸೆಯಿದ್ದರೆ ಅದರ ಎದುರು ಕೂಡು, ಎಂಬ ನ್ಯಾಯ. ಪಂಢರಿ ಎಷ್ಟೋ ಸಲ ಹಾಗೆ ಕೂತಿದ್ದ, ಬೀಡಿ ಸೇದುತ್ತ. ಭಯವೆಂಬುದು ಅವನಿಗೆ ಗೊತ್ತಿರಲಿಲ್ಲ, ಈ ಚಳಿಗಾಲದ ತನಕ.

ಎರಡನೆಯ ತಾಟು ಒಡೆದ ದಿನ ಚಾಂದ ಪಾಶಾ ಬಾಗಿಲಲ್ಲಿ ನಿಂತು ತಲೆ ಅಲ್ಲಾಡಿಸಿದ.

"ಏನಪಾ ಪಂಢರಿ, ನಿನ್ನ ಅರಗಿಗೂ ಹೊಸ ರಾಜ್ಯದ ಹವಾ ಬಡದದೇನು? ಬೀದರ ಮೈಸೂರಿಗೆ ಹೋತು, ಉದಗೀರ ಮುಂಬಯಿಗೆ ಹೋತು. ನನ್ನ ತಾಟು ಗೋಡಿಗೆ ಹೋತು!"

ಉಳಿದವರು ನಕ್ಕರು. ಪಂಢರಿಯೂ ನಗಲು ನೋಡಿದ, ಹುಬ್ಬು ಬಿಡಲಿಲ್ಲ.

"ಥಂಡಿ ಬಿದ್ದದರಿ, ಪಾಶಾ ಸಾಹೇಬ್ರ. ಥಂಡ್ಯಾಗ ಅರಗು ಪೆಡಸ ಆಗ್ತದ. ಎಣ್ಣಿ ಜರಾ ಹೆಚ್ಚ ಹಾಕ್ತೇನ್ರಿ."

"ಹಾಕು. ಎಷ್ಟರ ಹಾಕು. ಖರೇ ಈ ಮಾತ ಕೇಳ್ಕೋ. ಹೊಸಾ ಸರಕಾರದ ದೊಡ್ಡ ಸಾಹೇಬರಿಗಿ ಸತ್ಕಾರ ಅದ. ತಾಟು ನಾನು ಒಪ್ಕೊಂಡೀನಿ. ಮೂರನೇದೂ ಹಾರಿತಂದ್ರ ನಿನ್ನ ಅರಗು ಈ ಹೊಸ್ತಲ ದಾಟಂಗಿಲ್ಲ. ಹೈದರಾಬಾದದಿಂದ ತರಸ್ತೇನಿ."

ಹೊಸ್ತಿಲು ಎಂಬ ಮಾತು ಪಂಢರಿಯೊಳಗೆ ಎಲ್ಲಿಯೋ ಹೋಗಿ ಕೂತಿತು. ಅವನ ಅಪ್ಪ ಔರಾದದಲ್ಲಿ ಸತ್ತ ದನ ಎಳೆಯುತ್ತಿದ್ದವನು. ಚರ್ಮ ಸುಲಿದು, ಗೊರಸು ಮೂಳೆ ಬೇಯಿಸಿ ಬದುಕಿದ ಮನೆ. ಯಾರ ಹೊಸ್ತಿಲನ್ನೂ ದಾಟದ ಮನೆ. ಮುತ್ತುಗದ ಗಿಡದ ಅರಗು ಹಿಡಿದು ಆ ಕೆಲಸದಿಂದ ಆಚೆ ಬಂದವನು ಪಂಢರಿಯೊಬ್ಬನೇ. ಇವನು ಮಾಡಿದ ವಸ್ತುವನ್ನು ಜನ ಕೈಯಿಂದ ಮುಟ್ಟುತ್ತಿದ್ದರು, ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು, ಚಲೋ ಅದ ಎನ್ನುತ್ತಿದ್ದರು. ಅಣ್ಣ ಮಚ್ಛೇಂದ್ರ ಹಿಂದಿನ ತಿಂಗಳಷ್ಟೇ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದಿದ್ದ. ಓಣಿಯವರೆಲ್ಲ ಸೇರಿ ಇನ್ನು ಸತ್ತ ದನ ಮುಟ್ಟುವುದಿಲ್ಲ ಎಂದಿದ್ದರು. ಹಾಗಾದರೆ ಉಣ್ಣುವುದೇನು ಎಂದು ಊರು ಕೇಳಿದಾಗ ಮಚ್ಛೇಂದ್ರ ತೋರಿಸಿದ್ದು ತಮ್ಮನನ್ನೇ.

"ನಮ್ಮ ಪಂಢರಿ ಬೀದರದಾಗ ಉಸ್ತಾದನ ಬಾಜೂ ಕೂಡ್ತಾನ. ಹೋಗಿ ನೋಡ್ರಿ."

ಈಗ ಅರಗು ಕೆಟ್ಟಿತೆಂದರೆ ಊರು ಏನನ್ನುತ್ತದೆಂದು ಅವನಿಗೆ ಗೊತ್ತಿತ್ತು. ಮೂಳೆ ಬೇಯಿಸಿದ ಕೈಗೆ ಅರಗು ಒಗ್ಗೀತೇ?

ಭಾಲ್ಕಿಗೆ ಮರಳಿದವನು ಒಡೆದ ಅರಗಿನ ಚೂರನ್ನು ಬೆಳಕಿಗೆ ಹಿಡಿದ. ಒಳಗೆಲ್ಲ ಸಣ್ಣ ಸಣ್ಣ ಗುಳ್ಳೆ. ಹೊರಗೆ ಗಟ್ಟಿ, ಒಳಗೆ ಜೇನಿನ ಹುಟ್ಟಿನಂತೆ ಟೊಳ್ಳು. ಗುಳ್ಳೆ ಏಳುವುದಕ್ಕೆ ಎರಡೇ ಕಾರಣ. ಇಟ್ಟಂಗಿ ಪುಡಿಯಲ್ಲಿ ಹಸಿ ಇರಬೇಕು. ಇಲ್ಲವೇ ಅಂಟಿಸುವಾಗ ತಾಟು ವಿಪರೀತ ಕಾಯ್ದು ಅರಗು ಕುದಿದಿರಬೇಕು. ಎರಡನೆಯದನ್ನು ಅವನು ಯೋಚಿಸಲೂ ಇಲ್ಲ. ತಾಟು ಕಾಯಿಸಿ ಅರಗಿನ ಮೇಲಿಟ್ಟು ಒತ್ತುವವರು ಉಸ್ತಾದ ಖಾಸಿಂ ಅಲಿ. ಕಾರ್ಖಾನೆಯಲ್ಲಿ ಒತ್ತುವ ಕೈ ಅದೊಂದೇ. ಎಷ್ಟು ಕಾಯಬೇಕೆಂಬುದಕ್ಕೆ ಬೆರಳೇ ಅಳತೆ: ಮುಟ್ಟಿದ ಬೆರಳು ತಾನಾಗಿ ಹಿಂದೆ ಬರಬೇಕು, ಆದರೆ ಸುಡಬಾರದು. ಆ ಬಿಸಿಯನ್ನು ಹಿಡಿಯಲು ಅರ್ಧ ಆಯುಷ್ಯ ಬೇಕು. ಉಸ್ತಾದರಿಗೆ ಅದು ಅನ್ನ ಬೆಂದಿತೇ ಎಂದು ಅಗುಳು ಹಿಚುಕಿ ನೋಡಿದಷ್ಟು ಸಲೀಸು.

ಅಲ್ಲದೆ ಉಸ್ತಾದರ ಕೈಯೆಂದರೆ ಬೀದರಿಗೇ ಹೆಸರು. ಒಂದೆರಡು ವರ್ಷದಿಂದ ಅವರ ಕೈ ಇನ್ನೂ ಪಕ್ವವಾಗಿದೆ ಎಂದು ಚಾಂದ ಪಾಶಾ ಬಂದವರಿಗೆಲ್ಲ ಹೇಳುತ್ತಿದ್ದ. ಚಿಮಟಾ ಇಲ್ಲದೆ ಕಾದ ತಾಟು ಎತ್ತುತ್ತಿದ್ದರು. ಗಿರಾಕಿಗಳು ಬಂದರೆ ಪಾಶಾ ಕಣ್ಣು ಮಿಟುಕಿಸುವನು. ಉಸ್ತಾದರು ಶೆಗಡಿಗೆ ಕೈಹಾಕಿ ಕೆಂಡವನ್ನೇ ಎತ್ತಿ ಬೀಡಿ ಹಚ್ಚಿಕೊಳ್ಳುವರು. "ಲೋಖಂಡರಿ, ಕಬ್ಬಿಣ! ನಲವತ್ತು ವರ್ಷ ಬೆಂಕಿ ಕೂಡ ಸಂಸಾರ ಮಾಡ್ಯಾರ," ಎನ್ನುವನು ಪಾಶಾ. ಜನ ವಾಹ್ ವಾಹ್ ಎನ್ನುವರು. ಪಂಢರಿಯೂ ಎಂದಿದ್ದ. ಬೆಂಕಿ ತಿಂದ ಕೈಗೆ ಬೆಂಕಿ ತಾಗುವುದಿಲ್ಲ ಎಂಬುದು ಆ ಕಸುಬಿನವರೆಲ್ಲರ ನಂಬಿಕೆ. ಎಳೆಯ ಕೆಲಸಗಾರರು ಬೆರಳು ಸುಟ್ಟುಕೊಂಡು ಕುಣಿದರೆ, ಉಸ್ತಾದ ಆಗಾಕ ಇನ್ನೂ ದೂರ ಅದ ನಿನಗ, ಎಂದು ನಗುವರು.

ಹಾಗಾಗಿ ಪಂಢರಿ ಇಟ್ಟಂಗಿ ಪುಡಿಯನ್ನೇ ಅಪರಾಧಿ ಮಾಡಿದ. ಹಂಚಿನ ಮೇಲೆ ಹುರಿದ, ಬಿಸಿಲಿಗೆ ಹರವಿದ, ಮತ್ತೆ ಹುರಿದ. ಹೆಂಡತಿ ಸುಂದರಬಾಯಿ ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿದಳು.

"ಇಟ್ಟಂಗಿ ಹುರದು ಹುರದು ಇನ್ನ ಒಗ್ಗರಣಿ ಹಾಕ್ತಿಯೇನು?" ಎಂದಳು. ಅವನು ನಗಲಿಲ್ಲ. ಅವಳು ಹತ್ತಿರ ಬಂದು ಹುಬ್ಬಿನ ಗಾಯಕ್ಕೆ ಅರಿಶಿನ ಒತ್ತಿದಳು. "ಈ ಸಲ ಎದುರ ಕೂಡಬ್ಯಾಡ. ಜರಾ ಸರದು ಕೂಡು."

"ಸರದು ಕುಂತ್ರ ಅರಗು ಖೋಟಾ ಅಂತ ನಾನೇ ಹೇಳಿದಂಗ ಆಗ್ತದ."

ಅವಳು ಕೈಯ ಅರಿಶಿನವನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು.

ಮೂರನೆಯ ತಾಟಿನ ದಿನ ಬೀದರಿನಲ್ಲಿ ಬಿಸಿಲಿತ್ತು, ಆದರೆ ಚಳಿ ಬಿಟ್ಟಿರಲಿಲ್ಲ. ಪಂಢರಿ ಬಿಲ್ಲೆಗಳ ಗಂಟು ಬಿಚ್ಚಿ ಒಂದನ್ನು ಉಸ್ತಾದರ ಮುಂದಿಟ್ಟ. ಖಾಸಿಂ ಅಲಿ ಮಾತು ಕಡಿಮೆಯ ಮನುಷ್ಯ. ಬಿಳಿಯಾಗುತ್ತಿದ್ದ ಗಡ್ಡ, ಬೇಸಿಗೆಯಲ್ಲೂ ಮಣಿಕಟ್ಟಿನ ತನಕ ಗುಂಡಿ ಹಾಕಿದ ಅಂಗಿಯ ತೋಳು. ಬಿಲ್ಲೆಯನ್ನು ಹಲ್ಲಿನಿಂದ ಕಚ್ಚಿ ನೋಡಿದರು.

"ಅರಗು ಚಲೋ ಅದ," ಎಂದರು.

"ಹೋದ ಸಲಾನೂ ಹಿಂಗೇ ಅಂದಿದ್ರಿ, ಉಸ್ತಾದರ."

"ಹೋದ ಸಲಾನೂ ಚಲೋ ಇತ್ತು." ಅಷ್ಟು ಹೇಳಿ ಅವರು ಶೆಗಡಿಯ ಕಡೆ ತಿರುಗಿದರು. ಆ ಮಾತಿನ ಬಗ್ಗೆ ಪಂಢರಿ ಆಮೇಲೆ ಬಹಳ ಯೋಚಿಸಿದ. ಆಗ ಅದು ತನ್ನನ್ನು ಸಮಾಧಾನ ಮಾಡಲು ಆಡಿದ ಮಾತೆನಿಸಿತ್ತು.

ಯಾವಾಗಲೂ ಅವನು ಅರಗು ಕೊಟ್ಟು ಪಟ್ಟಿಯ ಬಳಿ ಹೋಗಿ ಕೂರುತ್ತಿದ್ದ. ಇಂದು ಹೋಗಲಿಲ್ಲ. ಅರಗಿನ ತಪ್ಪು ಅರಗಿನ ಪಕ್ಕದಲ್ಲೇ ಕೂತು ಹಿಡಿಯಬೇಕೆಂದು ಉಸ್ತಾದರ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತ. ಉಸ್ತಾದರು ಒಮ್ಮೆ ನೋಡಿದರು. ಮರದ ಗುಂಡಿನ ಮುಖಕ್ಕೆ ಅರಗು ಕರಗಿಸಿ ಸವರಿದರು. ತಾಟನ್ನು ಶೆಗಡಿಯ ಮೇಲೆ ಹಿಡಿದರು. ಬಹಳ ಹೊತ್ತು ಹಿಡಿದರು. ಪಂಢರಿಗೆ ಸಾಕೆನಿಸಿತು, ಹೇಳಲು ಬಾಯಿ ಬರಲಿಲ್ಲ. ಅವರು ಬೆರಳು ತಾಗಿಸಿದರು. ಬೆರಳು ಹಿಂದೆ ಬರಲಿಲ್ಲ. ಮತ್ತೂ ಹಿಡಿದರು.

ಆಮೇಲೆ ತಾಟನ್ನು ಅರಗಿನ ಮೇಲೆ ಕವುಚಿ, ನಾಲ್ಕೂ ಬೆರಳು ಊರಿ ಒತ್ತಿದರು.

"ಉದಗೀರದಾಗ ನಮ್ಮ ತಂಗಿ ಇದ್ದಾಳ," ಎಂದರು ಒತ್ತುತ್ತಲೇ. "ಇನ್ನ ಆಕಿ ಬ್ಯಾರೆ ರಾಜ್ಯದಾಕಿ ಅಂತ. ಹ್ಯಾಂಗ ಅನಸ್ತದ ನೋಡು."

ಪಂಢರಿಯ ಮೂಗಿಗೆ ಒಂದು ವಾಸನೆ ಬಂದಿತ್ತು. ಅರಗು ಸುಟ್ಟ ವಾಸನೆ ಅವನಿಗೆ ಗೊತ್ತು, ರಾಳ ಸುಟ್ಟದ್ದು ಗೊತ್ತು, ಎಣ್ಣೆ ಸೀದದ್ದು ಗೊತ್ತು. ಇದು ಅದ್ಯಾವುದೂ ಅಲ್ಲ. ಇದು ಔರಾದದ ಮನೆಯ ವಾಸನೆ. ಅಪ್ಪ ಗೊರಸು, ಚರ್ಮ ಬೆಂಕಿಗೆ ಹಿಡಿದಾಗಿನ ವಾಸನೆ. ಇದು ಇಲ್ಲಿ ಹೇಗೆ ಬಂತು ಎಂದು ಅವನು ಸುತ್ತ ನೋಡಿದ. ತನ್ನ ಬಟ್ಟೆಗೇ ಅಂಟಿಕೊಂಡು ಬಂದಿತೇ ಎಂದು ಒಂದು ಗಳಿಗೆ ನಾಚಿ, ಅಂಗಿಯನ್ನು ಮೂಸಿದ.

ಆಮೇಲೆ ಕೆಳಗೆ ನೋಡಿದ.

ಉಸ್ತಾದರ ಬೆರಳುಗಳ ಕೆಳಗಿನಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ತೋರುಬೆರಳಿನ ಅಂಚಿನ ಚರ್ಮ ಬೆಳ್ಳಗಾಗಿ, ಸುರುಟಿ, ಬಿಟ್ಟುಕೊಳ್ಳುತ್ತಿತ್ತು. ಖಾಸಿಂ ಅಲಿಯ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಿರಲಿಲ್ಲ. ಅವರು ತಂಗಿಯ ಮಾತು ಮುಂದುವರಿಸಿದ್ದರು.

ಪಂಢರಿಯ ಬಾಯಿ ತೆರೆದೇ ಇತ್ತು. ಅಪ್ಪನ ಕಾಲದಲ್ಲಿ ಔರಾದದ ಹೊರಗೆ, ಬೇಲಿಯಾಚೆ ಒಂದು ಗುಡಿಸಲಿತ್ತು. ಅದರೊಳಗಿನ ಮುದುಕನಿಗೆ ರಾತ್ರಿ ಇಲಿ ಬೆರಳು ಕಡಿದರೂ ಗೊತ್ತಾಗುತ್ತಿರಲಿಲ್ಲವಂತೆ. ಊರು ಮುಟ್ಟದಿದ್ದ ಪಂಢರಿಯ ಅಪ್ಪನೂ ಆ ಮುದುಕನಿಗೆ ರೊಟ್ಟಿಯನ್ನು ದೂರದ ಕಲ್ಲಿನ ಮೇಲಿಟ್ಟು ಬರುತ್ತಿದ್ದ. ಕುಷ್ಠವೆಂಬ ಹೆಸರನ್ನು ಮನೆಯಲ್ಲಿ ಎತ್ತುತ್ತಿರಲಿಲ್ಲ. ದೊಡ್ಡ ರೋಗ ಎನ್ನುತ್ತಿದ್ದರು.

ಕೆಂಡ. ಚಿಮಟಾ ಇಲ್ಲದೆ ಎತ್ತಿದ ತಾಟುಗಳು. ವಾಹ್ ವಾಹ್. ಬೇಸಿಗೆಯಲ್ಲೂ ಗುಂಡಿ ಹಾಕಿದ ತೋಳು. ಅವನೊಳಗೆ ಒಂದೊಂದೇ ಬಂದು ಬಿದ್ದವು, ಮೇಲಿನಿಂದ ಯಾರೋ ಕಲ್ಲು ಎತ್ತಿ ಹಾಕಿದ ಹಾಗೆ. ಅರಗು ಚಲೋ ಇತ್ತು. ಪ್ರತಿ ಸಲವೂ ಚಲೋ ಇತ್ತು. ಅದು ಈ ಕೈಯ ಕೆಳಗೆ ಕುದಿದು ಸತ್ತಿತ್ತು.

ಅವನ ಕಣ್ಣು ಎಲ್ಲಿದೆಯೆಂದು ಉಸ್ತಾದರು ನೋಡಿದರು. ಆ ನೋಟದ ಜಾಡು ಹಿಡಿದು ತಮ್ಮ ಕೈಗೆ ಬಂದರು. ತಂಗಿಯ ಮಾತು ನಡುವೆ ನಿಂತಿತು. ಕೈ ಮೆಲ್ಲಗೆ ಎತ್ತಿದರು. ಚರ್ಮದ ಒಂದು ತುಣುಕು ತಾಟಿನ ಮೇಲೆ ಉಳಿಯಿತು. ಅದನ್ನು ತೋಳಿನ ತುದಿಯಿಂದ ಒರೆಸಿದರು. ಕೈ ಅಂಗಿಯ ಜೇಬಿಗೆ ಹೋಯಿತು.

ಗೋಡೆಯಾಚೆ ಯಾರೋ ಬೆಳ್ಳಿ ತಂತಿ ಬಡಿಯುವ ಸದ್ದು ಬರುತ್ತಿತ್ತು.

"ಆತೇನ್ರಿ?" ಚಾಂದ ಪಾಶಾ ಕೈ ಉಜ್ಜಿಕೊಳ್ಳುತ್ತ ಒಳಗೆ ಬಂದ. "ಅಂಟಿತೇನು? ಏ ಪಂಢರಿ, ಉಸ್ತಾದರ ತೊಡಿ ಮ್ಯಾಗ ಕುಂತಿ ಯಾಕ? ಹೋಗು, ನಿನ್ನ ಜಾಗಾಕ್ಕ ಹೋಗು. ಇವತ್ತ ನಿನ್ನ ಇನ್ನೊಂದ ಹುಬ್ಬಿನ ಪಾಳಿ."

ಪಂಢರಿ ಎದ್ದ. ಪಟ್ಟಿಯ ಬಳಿ ಹೋಗಿ ಕೂತ. ಎದುರಿಗೆ ತಾಟು. ಅದು ಹಾರುತ್ತದೆ. ಮೊದಲ ಎರಡು ಸಲ ಗೊತ್ತಿರಲಿಲ್ಲ, ಈಗ ಗೊತ್ತು. ಎಳೆದರೆ ತನ್ನ ಅರಗಿನ ಹೆಸರು ಹೋಗುತ್ತದೆ, ಮುಖವೂ ಹೋದೀತು. ಯಾಕೆ ಹಾರುತ್ತದೆಂದು ಒಂದು ಮಾತು ಹೇಳಿದರೆ ಸಾಕು, ಹೆಸರು ಉಳಿಯುತ್ತದೆ. ಆ ಒಂದು ಮಾತಿಗೆ ಉಸ್ತಾದರು ಇಂದು ಸಂಜೆಯೇ ಹೊಸ್ತಿಲ ಆಚೆ. ಬೇಲಿಯ ಆಚೆ. ದೂರದ ಕಲ್ಲಿನ ಮೇಲೆ ರೊಟ್ಟಿ. ಖಾಸಿಂ ಅಲಿ ಎಡಗೈಯಲ್ಲಿ ಉಳಿ ಹಿಡಿದು ಅವನನ್ನೇ ನೋಡುತ್ತಿದ್ದರು. ಬೇಡುವ ನೋಟವಲ್ಲ ಅದು. ತೀರ್ಪಿಗೆ ಕಾಯುವವನ ನೋಟ.

"ಗುಂಡು ಏರಸಿ ಎಳಿಯೋ," ಎಂದ ಪಾಶಾ.

"ತಾಟು ಬಿಚ್ತೇನ್ರಿ," ಎಂದ ಪಂಢರಿ. "ಅರಗು ಕೆರದು ಮತ್ತ ಹಚ್ತೇನ್ರಿ. ಒತ್ತೂದೂ ನಾನೇ ಒತ್ತತೇನ್ರಿ."

ಗೋಡೆಯಾಚೆಯ ಬಡಿತ ನಿಂತಿತು. ಚಾಂದ ಪಾಶಾ ಅವನನ್ನು ಮೇಲಿನಿಂದ ಕೆಳಗೆ ನೋಡಿದ.

"ನೀನು? ನೀ ಒತ್ತತಿ? ನಮ್ಮಪ್ಪನ ಕಾಲದಿಂದ ಉಸ್ತಾದನ ಬಿಟ್ಟು ಈ ಗುಂಡಿನ ಮ್ಯಾಗ ಯಾರೂ ಕೈ ಇಟ್ಟಿಲ್ಲ. ಔರಾದದ ಗೊರಸು ಬೇಯಿಸೋರ ಮನಿಯಾಂವ ಉಸ್ತಾದಗ ಒತ್ತೂದು ಕಲಸ್ತಾನೋ?"

ಪಂಢರಿ ತಲೆ ತಗ್ಗಿಸಿದ. ಗೊರಸು ಎಂಬ ಮಾತಿನೊಡನೆ ಆ ವಾಸನೆ ಮತ್ತೆ ಮೂಗಿಗೆ ಬಂತು. ಉತ್ತರ ಕೊಡಬೇಕಾದವರು ಇನ್ನೊಬ್ಬರು.

ಖಾಸಿಂ ಅಲಿ ಉಳಿಯನ್ನು ಕೆಳಗಿಟ್ಟರು. ಜೇಬಿನ ಕೈ ತೆಗೆಯದೆ, ಮೊಣಕಾಲಿನಿಂದ ಮರದ ಗುಂಡನ್ನು ಪಂಢರಿಯ ಕಡೆ ತಳ್ಳಿದರು.

"ಒತ್ತಲಿ," ಎಂದರು. ಅಷ್ಟೇ.

ಪಾಶಾ ಹಿಂದೆ ಸರಿದು ನಿಂತ. ಉಸ್ತಾದರ ಮಾತಿನ ಮೇಲೆ ಮಾತಿಲ್ಲ.

ಪಂಢರಿ ತಾಟನ್ನು ತಣ್ಣೀರಿನ ಬಟ್ಟೆಯಲ್ಲಿ ತಣಿಸಿ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದ. ತಟ್ಟಿದ ಮೊದಲ ಏಟಿಗೇ ಕಳಚಿ ಬಂತು, ಒಳಗೆಲ್ಲ ಗುಳ್ಳೆ. ಯಾರೂ ನೋಡುವ ಮೊದಲು ಕೆರೆದು ಶೆಗಡಿಗೆ ಹಾಕಿದ. ಹೊಸದಾಗಿ ಅರಗು ಸವರಿದ. ತಾಟು ಕಾಯಿಸಿದ. ಬೆರಳು ತಾಗಿಸಿದ, ತಾಳಬಹುದು. ಇನ್ನಷ್ಟು ಕಾಯಿಸಿದ. ತಾಗಿಸಿದ. ಬೆರಳು ತಾನಾಗಿ ಹಾರಿ ಹಿಂದೆ ಬಂತು. ಅದನ್ನು ಕಂಡು ಅವನ ಕಣ್ಣಲ್ಲಿ ನೀರು ಬಂತು, ಯಾಕೆಂದು ಪಾಶಾನಿಗೆ ತಿಳಿಯಲಿಲ್ಲ.

"ಸುಟ್ಟಿತೇನೋ?" ಪಾಶಾ ನಕ್ಕ. "ಉಸ್ತಾದ ಆಗೂದಂದ್ರ ಹುಡುಗಾಟ ಅಲ್ಲ, ಮಗನ!"

ಪಂಢರಿ ಬಟ್ಟೆಯ ತುಂಡು ಮಡಚಿ ತಾಟನ್ನು ಅರಗಿಗೆ ಒತ್ತಿ ಹಿಡಿದ. ತಣಿಯಿತು. ಗುಂಡು ಖರಾದಿಗೆ ಏರಿತು. ಅವನು ಹೋಗಿ ತಾಟಿನ ಎದುರಿಗೇ ಕೂತು ಪಟ್ಟಿ ಎಳೆದ. ಸರಿದು ಕೂರಲಿಲ್ಲ. ಉಸ್ತಾದರ ಉಳಿ ಲೋಹಕ್ಕೆ ತಾಗಿತು. ಜಿರ್ರೆಂದಿತು, ಹೆರೆ ಉದುರತೊಡಗಿತು. ಬರಬರುತ್ತ ತಾಟು ತೆಳುವಾಯಿತು, ಅದರ ದನಿಯೂ ತೆಳುವಾಯಿತು, ಕೊನೆಗೆ ಸೊಳ್ಳೆಯ ಹಾಡಿನಂತಾಯಿತು. ಪಂಢರಿ ಅಷ್ಟು ಹೊತ್ತೂ ತಾಟು ನೋಡಲಿಲ್ಲ. ಉಳಿ ಹಿಡಿದ ಕೈಯನ್ನು ನೋಡಿದ. ಕಿವಿಯಿಂದಲೂ ಕಣ್ಣಿಂದಲೂ ಆ ಕೈಯನ್ನು ಉಸ್ತಾದರು ನಡೆಸುತ್ತಿದ್ದರು, ಕುರುಡನನ್ನು ಕೋಲು ಹಿಡಿದು ನಡೆಸಿದಂತೆ.

ತಾಟು ಹಾರಲಿಲ್ಲ.

ಚಾಂದ ಪಾಶಾ ಅದನ್ನು ಬೆಳಕಿಗೆ ಎತ್ತಿ ಹಿಡಿದು ಉಗುರಿನಿಂದ ಮೀಟಿದ. ತೃಪ್ತಿಯಾಯಿತು.

"ಹಾಂ! ಈ ಸಲ ಎಣ್ಣಿ ಸರಿ ಹಾಕ್ಯಾನ. ಅಂದ್ರ ಮೊದಲಿನ ಎರಡು ತಾಟಿನ ತಪ್ಪು ನಿಂದೇ, ಹೌದಿಲ್ಲೋ? ಒಪ್ಕೋ."

ಪಂಢರಿ ಉಸ್ತಾದರನ್ನು ನೋಡಿದ. ಅವರು ಗೋಡೆ ನೋಡುತ್ತಿದ್ದರು, ಮೊದಲ ತಾಟು ಗಚ್ಚು ಉದುರಿಸಿದ ಜಾಗವನ್ನು.

"ಹೌದ್ರಿ. ನಂದೇ."

"ನಿಮ್ಮ ಔರಾದದಾಗೂ ಹೇಳ್ತೇನಿ ತಡಿ," ಎನ್ನುತ್ತ ಪಾಶಾ ತಾಟು ಎದೆಗವಚಿಕೊಂಡು ಕೆತ್ತನೆಯವರ ಕಡೆ ಹೋದ. ಹೇಳುತ್ತಾನೆಂಬುದು ಪಂಢರಿಗೆ ಗೊತ್ತಿತ್ತು. ನಗುತ್ತ ಹೇಳುತ್ತಾನೆ. ಮಚ್ಛೇಂದ್ರ ಅದನ್ನು ನಗದೆ ಕೇಳುತ್ತಾನೆ.

ಇಬ್ಬರೇ ಉಳಿದರು. ಹೆರೆಯನ್ನು ಪಂಢರಿ ಕೈಯಿಂದ ಗುಡ್ಡೆ ಮಾಡಿದ. ಮಾಡಿದ್ದನ್ನೇ ಮತ್ತೆ ಮಾಡಿದ.

"ಯಾವಾಗಿಂದರಿ?" ಎಂದ ಕೊನೆಗೆ, ತಲೆ ಎತ್ತದೆ.

"ಮೊದಲ ಕಿರಿಬೆರಳು," ಎಂದರು ಉಸ್ತಾದರು. "ಈ ಥಂಡ್ಯಾಗ ತೋರಬೆರಳೂ ಹೋತು. ಕಸಬಿನ ಗುಣ ಅಂದ್ಕೊಂಡೆ. ಜನ ಹೊಗಳಿದ್ರು. ನಾನೂ ಅದನ್ನೇ ನಂಬಿದೆ. ನಂಬೂದು ಹಗುರ ಇತ್ತು."

"ದವಾಖಾನ್ಯಾಗ ಈಗ ಗುಳಿಗಿ ಕೊಡ್ತಾರಂತರಿ. ನಿಂತ ಹೋಗ್ತದಂತ. ನಾ ಜೋಡಿ ಬರ್ತೇನ್ರಿ."

"ಗುಳಿಗಿ ಬೆರಳು ತಿರುಗಿ ಕೊಡ್ತದೇನು?"

ಪಂಢರಿ ಕೈಯೊಳಗಿನ ಹೆರೆಯನ್ನು ಗುಡ್ಡೆಯ ಮೇಲೆ ಬಿಟ್ಟ.

ಕಾರ್ಖಾನೆಗೆ ಹೊಂದಿಕೊಂಡೇ ಇದ್ದ ಉಸ್ತಾದರ ಒಳಮನೆಯ ಪರದೆ ಸರಿಯಿತು. ಉಸ್ತಾದರ ಹೆಂಡತಿ ಶಾಕಿರಾ ಬೇಗಂ ಮುಸುಕು ಎಳೆದುಕೊಂಡು ಚಹಾದ ತಬಕು ಹಿಡಿದು ಬಂದಳು. ತಾಟು ಉಳಿದ ಸುದ್ದಿ ಒಳಗೆ ಮುಟ್ಟಿತ್ತು. ಅವಳ ದನಿಯಲ್ಲಿ ಹಬ್ಬವಿತ್ತು.

"ಪಂಢರಿ ಭಾಯಿ, ಇವತ್ತ ಸಕ್ಕರಿ ಹೆಚ್ಚ ಹಾಕೀನ್ರಿ. ಕುಡೀರಿ."

ಕಂಚಿನ ಲೋಟ. ಬಾಯಿಯಿಂದ ಹಬೆ ಏಳುತ್ತಿತ್ತು. ಪಂಢರಿ ತನ್ನದನ್ನು ಮುಟ್ಟಿ ಕೈ ಹಿಂದೆಗೆದ. ಖಾಸಿಂ ಅಲಿ ಜೇಬಿನಿಂದ ಕೈ ತೆಗೆದರು, ಬಹುಶಃ ಹೆಂಡತಿಯ ಎದುರು ತೆಗೆಯದೆ ಇರಲಾರದೆ, ಬಹುಶಃ ಮರೆತು. ಇನ್ನೊಂದು ಲೋಟದ ಸುತ್ತ ಐದೂ ಬೆರಳು ಸುತ್ತಿ, ತಣ್ಣೀರಿನ ಚೊಂಬು ಹಿಡಿದ ಹಾಗೆ ಎತ್ತಿಕೊಂಡರು.

"ಬಿಸಿ ಅದರಿ, ಉಸ್ತಾದರ," ಎಂದ ಪಂಢರಿ. ಮಾತು ಬಾಯಿ ದಾಟಿ ಆಗಿತ್ತು. "ಕೆಳಗಿಡ್ರಿ."

ಶಾಕಿರಾ ಬೇಗಂ ಮುಸುಕಿನೊಳಗೇ ನಕ್ಕಳು.

"ಬಿಸಿ ಇದ್ರ ಅವರಿಗಿ ಗೊತ್ತಾಗಂಗಿಲ್ಲೇನ್ರಿ?"

ಪಂಢರಿ ಮುಂದೆ ಬಾಗಿ ತನ್ನ ಎರಡೂ ಕೈಗಳಿಂದ ಉಸ್ತಾದರ ಕೈ ಹಿಡಿದ. ಬೆರಳುಗಳನ್ನು ಒಂದೊಂದಾಗಿ ಲೋಟದಿಂದ ಬಿಡಿಸತೊಡಗಿದ. ತೋರುಬೆರಳು ಬಿಡಿಸಿದಾಗ ಬೆಂದ ಚರ್ಮ ಅವಳಿಗೆ ಕಂಡಿತು.

ನಗು ಇನ್ನೂ ಅವಳ ಬಾಯಲ್ಲೇ ಇತ್ತು. ಅವಳು ಗಂಡನ ಮುಖ ನೋಡಿದಳು, ಅಲ್ಲಿ ನೋವು ಹುಡುಕಿದಳು. ಕಾಣಲಿಲ್ಲ. ಮತ್ತೆ ಕೈ ನೋಡಿದಳು. ಅವಳ ಕೈಯ ತಬಕು ವಾಲಿತು, ಅದರ ಮೇಲೆ ಉಳಿದಿದ್ದ ಪಂಢರಿಯ ಲೋಟ ಜಾರಿ ನೆಲಕ್ಕೆ ಬಿದ್ದು ಉರುಳುತ್ತ ಹೋಯಿತು, ಬಿಸಿ ಚಹಾ ಅವಳ ಪಾದದ ಮೇಲೆ ಹರಿಯಿತು. ಅವಳು ಚೀರಿ ಕಾಲು ಎಳೆದುಕೊಂಡಳು.

ಆ ಚೀತ್ಕಾರಕ್ಕೆ ಖಾಸಿಂ ಅಲಿ ತಲೆ ಎತ್ತಿ ಅವಳ ಪಾದವನ್ನೇ ನೋಡುತ್ತ ಉಳಿದರು, ಅಲ್ಲಿ ತಮ್ಮದೇನೋ ಬಿದ್ದು ಹೋಗಿದೆ ಎಂಬ ಹಾಗೆ.